ಮನುಷ್ಯನಿಗಿಂತ ಮೊದಲೇ ಬಂದಿಳಿಯುವ ಮಾತು

ಒಬ್ಬರನ್ನು ಭೇಟಿಯಾಗುವ ಮುಂಚೆ ಅವರ ಬಗ್ಗೆ ಕಿವಿಗೆ ಬಿದ್ದ ಒಂದೇ ಒಂದು ಮಾತು, ಆಮೇಲೆ ನಾವು ಕಣ್ಣಾರೆ ಕಂಡದ್ದನ್ನೂ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಕೆಲಿ 1950ರಲ್ಲಿ ಇದನ್ನು ಬಲು ಸರಳವಾಗಿ ತೋರಿಸಿಕೊಟ್ಟರು. ಅಲ್ಲಿನ ಹೆಸರಾಂತ ತಾಂತ್ರಿಕ ವಿದ್ಯಾಲಯವಾದ ಎಂಐಟಿಯ ವಿದ್ಯಾರ್ಥಿಗಳಿಗೆ, ಪಾಠಕ್ಕೆ ಹೊಸಬರೊಬ್ಬರು ಬರುತ್ತಾರೆಂದು ಹೇಳಿ ಅವರ ಪರಿಚಯ ಬರೆದ ಹಾಳೆ ಹಂಚಿದರು. ವಯಸ್ಸು, ಅನುಭವ, ಶ್ರಮಜೀವಿ, ದೃಢ ಮನಸ್ಸಿನವರು ಎಂಬ ವಿವರಗಳೆಲ್ಲ ಒಂದೇ. ಆದರೆ ಕೆಲವರ ಹಾಳೆಯಲ್ಲಿ 'ತುಂಬಾ ಆತ್ಮೀಯ ಸ್ವಭಾವ' ಎಂದಿತ್ತು, ಉಳಿದವರದರಲ್ಲಿ 'ಯಾರೊಂದಿಗೂ ಅಷ್ಟಾಗಿ ಬೆರೆಯದ ಸ್ವಭಾವ' ಎಂಬರ್ಥದ ಮಾತಿತ್ತು. ಎಲ್ಲರೂ ಕೂತದ್ದು ಅದೇ ಕೋಣೆಯಲ್ಲಿ, ಕೇಳಿದ್ದು ಅದೇ 20 ನಿಮಿಷದ ಮಾತು. ಆದರೂ ಮೊದಲ ಗುಂಪಿನವರಿಗೆ ಅವರು ಸ್ನೇಹಮಯಿಯಾಗಿ ಕಂಡರು, ಎರಡನೆಯವರಿಗೆ ಬಿಗುಮಾನದವರಾಗಿ ಕಂಡರು. ಇನ್ನೂ ಮುಖ್ಯವಾದದ್ದು, ಮೊದಲ ಗುಂಪಿನಲ್ಲಿ ಶೇ. 56ರಷ್ಟು ಮಂದಿ ಚರ್ಚೆಗಿಳಿದರೆ ಎರಡನೆಯದರಲ್ಲಿ ಬಾಯಿಬಿಟ್ಟವರು ಶೇ. 32 ಮಾತ್ರ. ಅಂದರೆ ಬದಲಾದದ್ದು ಅಭಿಪ್ರಾಯವಷ್ಟೇ ಅಲ್ಲ, ನಡವಳಿಕೆ ಕೂಡ.

ನಡವಳಿಕೆ ಬದಲಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆಯ ಒಂದು ಚಿತ್ರದಲ್ಲಿ ನೋಡೋಣ. ಮೂಡಿಗೆರೆ ಸುತ್ತಿನ ಒಂದು ಕಾಫಿ ತೋಟಕ್ಕೆ, ಕುಯ್ಲಿನ ಹೊತ್ತಿಗೆ, ಹೊಸ ರೈಟರ್, ಅಂದರೆ ತೂಕದ ಲೆಕ್ಕ ಬರೆಯುವವರು, ಬಂದರು ಎನ್ನಿ. ಅವರ ಟ್ರಂಕು ಇಳಿಯುವ ಮೊದಲೇ ಕೂಲಿಯವರು ವಾಸಿಸುವ ಲೈನ್‌ಮನೆಗಳಲ್ಲಿ ಮಾತು ಇಳಿದಾಗಿದೆ.

"ಹುಷಾರು ಕಣಕ್ಕ, ಆವಯ್ಯ ತೂಕ ಹೊಡೀತಾನಂತೆ. ಭಾಳ ಸಿಡುಕನಂತೆ."

"ಯಾರೇ ಹೇಳಿದ್ದು?"

"ಹಿಂದಿನ ತೋಟದೋರು ಹೇಳ್ತಿದ್ರಂತೆ."

ಸಂಜೆ ಹಣ್ಣಿನ ಚೀಲಗಳು ಕಣದ ಬದಿಗೆ ಬರುತ್ತವೆ. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಅರ್ಧ ಕಿಲೋ ಹೋದರೂ ಹೊಟ್ಟೆ ಉರಿಯುತ್ತದೆ. ರೈಟರ್ ಚೀಲವನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ, ಮುಳ್ಳಿನ ಅಲುಗಾಟ ನಿಲ್ಲುವವರೆಗೆ ಕಾಯುತ್ತಾರೆ, ಇನ್ನೊಮ್ಮೆ ಬಗ್ಗಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಏನೂ ಕೇಳಿರದವರ ಕಣ್ಣಿಗೆ ಇದು ಕಟ್ಟುನಿಟ್ಟು. ಆ ಮಾತು ಕೇಳಿದವರಿಗೆ ಮಾತ್ರ ಆ ಎರಡನೇ ನೋಟವೇ ಕಳ್ಳಲೆಕ್ಕ. ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಕೊನೆಗೆ ಒಬ್ಬಾಕೆ ಗಡುಸಾಗಿ "ಇನ್ನೊಂದ್ ಸಲ ತೂಗಿ" ಎನ್ನುತ್ತಾಳೆ. ಬೆಳಗಿನಿಂದ ನಿಂತು ದಣಿದ ರೈಟರ್ ರೇಗುತ್ತಾರೆ. ಅಲ್ಲಿಗೆ 'ಸಿಡುಕ' ಎಂಬುದಕ್ಕೆ ಹತ್ತಾರು ಜನ ಸಾಕ್ಷಿ ಸಿಕ್ಕಂತಾಯಿತು. ಆ ರೇಗಾಟವನ್ನು ಅರ್ಧ ತಾವೇ ಹುಟ್ಟುಹಾಕಿದೆವೆಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ.

1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು ಇದೇ ಸುತ್ತನ್ನು ಪ್ರಯೋಗದಲ್ಲಿ ಹಿಡಿದರು. ಪರಿಚಯವಿಲ್ಲದ ಯುವಕ ಯುವತಿಯರನ್ನು ಫೋನಿನಲ್ಲಿ ಮಾತಿಗೆ ಬಿಟ್ಟರು. ನೀವು ಮಾತಾಡಲಿರುವುದು ಇವಳ ಜೊತೆ ಎಂದು ಯುವಕರ ಕೈಗೆ ಒಂದು ಫೋಟೋ ಕೊಟ್ಟಿದ್ದರು. ಕೆಲವರಿಗೆ ಚೆಲುವೆಯದು, ಕೆಲವರಿಗೆ ಸಾಧಾರಣ ರೂಪಿನವಳದು. ಎರಡೂ ಆಚೆ ಮಾತಾಡುತ್ತಿದ್ದ ಯುವತಿಯದಲ್ಲ, ಆ ಫೋಟೋ ಸಂಗತಿಯೂ ಆಕೆಗೆ ಗೊತ್ತಿಲ್ಲ. ಆಮೇಲೆ ಯುವತಿಯರ ದನಿಯನ್ನಷ್ಟೇ ಬೇರೆಯವರಿಗೆ ಕೇಳಿಸಿದಾಗ, 'ಚೆಲುವೆ' ಎಂದು ತಿಳಿದು ಮಾತಾಡಿಸಲ್ಪಟ್ಟವರು ನಿಜವಾಗಿಯೂ ಹೆಚ್ಚು ಸ್ನೇಹದಿಂದ, ಲವಲವಿಕೆಯಿಂದ ಮಾತಾಡಿದ್ದಾರೆಂದು ಅವರಿಗೆ ಅನ್ನಿಸಿತು. ನನಗೆ ಈ ಪ್ರಯೋಗ ಓದಿದಾಗಲೆಲ್ಲ ಕಳವಳವಾಗುತ್ತದೆ. ನಾವು ಒಬ್ಬರ 'ಗುಣ' ಎಂದು ಹೆಸರಿಡುವುದರಲ್ಲಿ ನಮ್ಮದೇ ದನಿಯ ಪಾಲೆಷ್ಟಿರಬಹುದು!

ಕಣ್ಣೆದುರಿಗೆ ಸತ್ಯ ಇದ್ದರೆ ಗಾಳಿಮಾತು ಸೋಲುತ್ತದಲ್ಲವೇ? ಅಷ್ಟು ಸುಲಭವಲ್ಲ. 2007ರಲ್ಲಿ ಸಂಶೋಧಕ ರಾಲ್ಫ್ ಸೊಮ್ಮರ್‌ಫೆಲ್ಡ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ನಡುವೆ ಹಣ ಕೊಡುವ ಒಂದು ಆಟ ಆಡಿಸಿದರು. ಎದುರಿನವನು ಹಿಂದೆ ಯಾರಿಗೆ ಕೊಟ್ಟ, ಯಾರಿಗೆ ಕೊಡಲಿಲ್ಲ ಎಂಬ ದಾಖಲೆ ಪರದೆಯ ಮೇಲೇ ಇತ್ತು. ಜೊತೆಗೆ ಮತ್ತೊಬ್ಬ ಆಟಗಾರ ಅವನ ಬಗ್ಗೆ ಆಡಿದ ಮಾತೂ ಇತ್ತು. ದಾಖಲೆ ಕೈಯಲ್ಲಿದ್ದೂ ಆ ಮಾತು ಹಲವರ ತೀರ್ಮಾನವನ್ನು ಬದಲಿಸಿತು. "ಬೆಂಕಿ ಇಲ್ಲದೆ ಹೊಗೆ ಬರುತ್ತಾ?" ಎಂದು ನಾವು ಕೇಳುತ್ತೇವಲ್ಲ, ಹಾಗೆ.

ಹಾಗೆಂದು ಹಿಂದಿನಿಂದ ಆಡುವ ಮಾತೆಲ್ಲ ಕೆಟ್ಟದ್ದಲ್ಲ. 467 ಜನರ ದಿನದ ಮಾತುಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರ ಪ್ರಕಾರ, ಎದುರಿಗಿಲ್ಲದವರ ಬಗ್ಗೆ ಮಾತಾಡುವುದರಲ್ಲಿ ನಮ್ಮ ದಿನದ ಸರಾಸರಿ 52 ನಿಮಿಷ ಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ಬರೀ ಸಮಾಚಾರ. ಯಾವ ಮೇಸ್ತ್ರಿ ಮುಂಗಡದ ಲೆಕ್ಕದಲ್ಲಿ ಮೋಸ ಮಾಡುತ್ತಾನೆ ಎಂಬುದು ಕೂಲಿಯವರಿಗೆ ಗೊತ್ತಾಗುವುದೂ ಇದೇ ದಾರಿಯಲ್ಲಿ. ಬಡವರ ಕೈಯಲ್ಲಿರುವ ಈ ಆಸರೆಯನ್ನು ಹೀಗಳೆಯುವುದು ಸರಿಯಲ್ಲ.

ಪೆಟ್ಟು ಜೋರಾಗಿ ಬೀಳುವುದು ಆ ಮಾತಿನ ವರ್ತುಲದ ಹೊರಗಿರುವವರಿಗೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಬಗ್ಗೆ ನಮ್ಮ ತೋಟಗಳಲ್ಲಿ ಒಂದು ಮಾತು ಹುಟ್ಟಿದರೆ, ಅದು ಅವರಿಗೆ ಅರ್ಥವೂ ಆಗುವುದಿಲ್ಲ, ಉತ್ತರ ಕೊಡಲು ಭಾಷೆಯೂ ಇಲ್ಲ. ಒಬ್ಬನ ಮೇಲಿನ ಅನುಮಾನ ಇಡೀ ಲೈನಿಗೆ ಅಂಟುತ್ತದೆ.

'ಆವಯ್ಯ ಮೋಸಗಾರ' ಎನ್ನುವುದಕ್ಕೂ 'ಹೋದ ವರ್ಷ ನನ್ನ ಚೀಲಕ್ಕೆ ಎರಡು ಕಿಲೋ ಕಮ್ಮಿ ಬರೆದ' ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ವಿಚಾರಿಸಬಹುದು, ತಪ್ಪಾಗಿದ್ದರೆ ತಿದ್ದಬಹುದು. ಮೊದಲನೆಯದಕ್ಕೆ ಆ ಮನುಷ್ಯ ಏನು ಮಾಡಿದರೂ ಪುರಾವೆಯೇ. ತೂಕದ ಯಂತ್ರವನ್ನು ಕುಯ್ದವರ ಕಡೆಗೆ ತಿರುಗಿಸಿಟ್ಟು, ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಬರೆದುಕೊಂಡರೆ ಲೈನಿನಲ್ಲಿ ಹರಡುವ ಮಾತೂ ಆ ಅಂಕಿಯದೇ ಆಗುತ್ತದೆ. ಯಂತ್ರದ ಮೇಲಿನ ಅಂಕಿ ಓದಲು ಕನ್ನಡವೂ ಬೇಕಾಗಿಲ್ಲ.