ಕೃತಕ ಡಿಸ್ಕ್ ರಬ್ಬರ್ ವಾಷರ್ ಅಲ್ಲ, ಮತ್ತೊಮ್ಮೆ

ಪ್ರಶ್ನೆ: ಬೆನ್ನಿಗೆ ಕೃತಕ ಡಿಸ್ಕ್ ಹಾಕಿಸಿದರೆ, ಕಬ್ಬಿನ ಹೊರೆ ಎತ್ತುವಾಗಿನ ಪೆಟ್ಟನ್ನು ಅದರ ರಬ್ಬರ್ ತಡೆದುಕೊಳ್ಳುತ್ತದೆಯೇ? (ಮದ್ದೂರಿನ ಓದುಗರೊಬ್ಬರು)

ಸ್ವಾಮಿ, ರಬ್ಬರ್ ಎಲ್ಲಿಂದ ಬಂತು? ಈ ವರ್ಷ ಇದೇ ಉತ್ತರ ಬರೆಯುತ್ತಿರುವುದು ನಾಲ್ಕನೆಯ ಸಲ. ಮೈಸೂರಿನ ನನ್ನ ತರಗತಿಯಲ್ಲಿಯೂ ಹುಡುಗರು ಮೊದಲ ದಿನ ಬರೆಯುವ ಚಿತ್ರ ಅದೇ: ಎರಡು ತಗಡಿನ ನಡುವೆ ನಲ್ಲಿಯ ವಾಷರ್.

ಬೆನ್ನುಮೂಳೆಯ ಮಣಿಗಳ ನಡುವೆ ಹುಟ್ಟಿನಿಂದ ಬಂದ ಡಿಸ್ಕ್ ಮೆತ್ತೆಯೇ ಹೌದು. ನಡುವೆ ನೀರು ಹಿಡಿದ ಲೋಳೆ, ಸುತ್ತ ನಾರಿನ ಪದರ. ಅದರ ಜಾಗಕ್ಕೆ ಬರುವುದು ಮಾತ್ರ ಮೆತ್ತೆಯಲ್ಲ, ಕೀಲು. ಮೆತ್ತನೆಯ ನಡುಭಾಗದ ಹೊಸ ಮಾದರಿಗಳೂ ಇವೆ. ಆದರೆ ಹೆಸರಾದ ವಿನ್ಯಾಸಗಳಲ್ಲಿ ಹೆಚ್ಚಿನವು ನಿಮ್ಮ ಹಿತ್ತಲಿನ ಒರಳುಕಲ್ಲಿನ ಜಾತಿಯವು. ಕುಳಿಯಲ್ಲಿ ಗುಂಡು ವಾಲುತ್ತದೆ, ತಿರುಗುತ್ತದೆ, ಕುಗ್ಗುವುದಿಲ್ಲ. ಮೂಳೆಗೆ ಕಚ್ಚಿಕೊಳ್ಳುವ ಕೋಬಾಲ್ಟ್-ಕ್ರೋಮಿಯಂ ತಟ್ಟೆಗಳು, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಗುಮ್ಮಟ. ಆ ಗುಮ್ಮಟವನ್ನು ಹುಡುಗರ ಕೈಗೆ ಕೊಟ್ಟು ಒತ್ತಲು ಹೇಳುತ್ತೇನೆ. ಹೆಬ್ಬೆರಳಿನ ಉಗುರು ಬೆಳ್ಳಗಾಗುತ್ತದೆ, ಗುಮ್ಮಟ ಹಾಗೆಯೇ ಇರುತ್ತದೆ. ವಾಷರ್ ಚಿತ್ರ ಅಲ್ಲಿಗೆ ಅಳಿಸಿತು.

ರಬ್ಬರ್ ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. 1980ರ ದಶಕದ ಕೊನೆಯಲ್ಲಿ ಟೈಟಾನಿಯಂ ತಟ್ಟೆಗಳ ನಡುವೆ ರಬ್ಬರ್ ಬೆಸೆದು ಕೆಲವರಿಗೆ ಹಾಕಿ ನೋಡಿದರು, ರಬ್ಬರ್ ಹರಿಯಿತು. 1984ರಲ್ಲಿಯೇ ಬರ್ಲಿನ್ನಿನಲ್ಲಿ ಬಳಕೆಗೆ ಬಂದಿದ್ದ ಶಾರಿಟೆ ಡಿಸ್ಕ್ ಜಾರುವ ಕೀಲನ್ನೇ ನಂಬಿತ್ತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಕರಿನ್ ಬ್ಯೂಟ್ನರ್-ಯಾಂಟ್ಸ್, 1972ರ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದವರು. ಬೆನ್ನು ಬಾಗುವುದೆಂದರೇನೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ನಿಜವಾದ ತಲೆನೋವು ಪೆಟ್ಟಲ್ಲ, ಪುಡಿ. ಒರಳಿನ ಕಲ್ಲುಪುಡಿ ಹಿಟ್ಟಿಗೆ ಸೇರುವಂತೆ, ಗುಮ್ಮಟ ಸವೆದ ಪುಡಿ ಸುತ್ತ ಸೇರಿದರೆ ದೇಹ ಅದರ ಮೇಲೆ ತಿರುಗಿಬೀಳುತ್ತದೆ, ಆ ಜಗಳದಲ್ಲಿ ಮೂಳೆ ಕರಗುತ್ತದೆ. ಅದಕ್ಕೇ ಕೃತಕ ಡಿಸ್ಕನ್ನು ಯಂತ್ರದಲ್ಲಿಟ್ಟು, 37 ಡಿಗ್ರಿ ಬಿಸಿಯ ಸೀರಂನಲ್ಲಿ, ಅಂದರೆ ಕರುವಿನ ರಕ್ತದ ತಿಳಿಯಲ್ಲಿ ಮುಳುಗಿಸಿ, ಒಂದು ಕೋಟಿ ಬಾರಿ ಬಾಗಿಸುತ್ತಾರೆ. ಸೆಕೆಂಡಿಗೆ ಒಂದರಂತೆ ಸುಮಾರು 116 ದಿನ. ಆಮೇಲೆ ತೂಗಿ, ಎಷ್ಟು ಮಿಲಿಗ್ರಾಂ ಕಳೆಯಿತೆಂದು ನೋಡುತ್ತಾರೆ.

ತಟ್ಟೆ ಅಷ್ಟಗಲ ಏಕೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆಸರುಗದ್ದೆಯಲ್ಲಿ ಹಿಮ್ಮಡಿ ಊರಿದರೆ ಹೂಳುತ್ತದೆ, ಹಲಗೆ ಹಾಕಿ ನಿಂತರೆ ಇಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಎಂಬ ವೈದ್ಯರು ಬರೀ ಉಕ್ಕಿನ ಗುಂಡು ಇಟ್ಟಿದ್ದರು. ಅದು ಮೂಳೆಯೊಳಕ್ಕೆ ಇಳಿಯಿತು. ಈಗಿನ ಅಗಲದ ತಟ್ಟೆಗೆ ಬೆನ್ನ ಕಡೆ ದಾರಿಯಿಲ್ಲ, ನರಗಳು ಅಡ್ಡ. ಹಾಗಾಗಿ ಸೊಂಟದ ಡಿಸ್ಕ್ ಹಾಕಲು ಹೊಟ್ಟೆಯ ಕಡೆಯಿಂದ, ಕರುಳನ್ನೂ ದೊಡ್ಡ ರಕ್ತನಾಳಗಳನ್ನೂ ಸರಿಸಿಕೊಂಡು ಹೋಗುತ್ತಾರೆ. ಬೆನ್ನಿಗೆ ಚಿಕಿತ್ಸೆ ಮಾಡಿಸಿಕೊಂಡವರ ಹೊಟ್ಟೆಯ ಮೇಲೆ ಹೊಲಿಗೆ ಕಂಡರೆ ಅಪೆಂಡಿಕ್ಸ್ ಇರಬೇಕೆಂದು ಊರೆಲ್ಲ ಹೇಳಬೇಡಿ.