ಪದ ಪರಿಚಯ: ನ್ಯಾಪಿ ವೋಚರ್

ಬ್ರಿಟನ್ನಿನಲ್ಲಿ ಚಿಕ್ಕ ಮಕ್ಕಳಿರುವ ಮನೆಯವರು ಬಟ್ಟೆ ನ್ಯಾಪಿ ಕೊಳ್ಳಲೆಂದು ಸ್ಥಳೀಯ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕೊಡುವ ಸಹಾಯಧನವೇ ನ್ಯಾಪಿ ವೋಚರ್. ಎಲ್ಲ ಕೌನ್ಸಿಲ್‌ಗಳೂ ಇದನ್ನು ಕೊಡುವುದಿಲ್ಲ, ಕೊಡಲೇಬೇಕೆಂಬ ಕಾನೂನೂ ಇಲ್ಲ. ಹಾಗಾಗಿ ವೋಚರ್ ಇರುವ ಊರುಗಳಲ್ಲಿ ಬಹುಮಟ್ಟಿಗೆ ಯಾರೋ ಕೂತು ಲೆಕ್ಕ ಹಾಕಿ, ಅರ್ಜಿ ಬರೆದು, ಸಭೆಗಳಿಗೆ ಹೋಗಿ ಕೇಳಿ ಪಡೆದದ್ದೇ ಇರುತ್ತದೆ. ಹೀಗೆ ಕೇಳುವ ಕೆಲಸಕ್ಕೆ ಅಲ್ಲಿ ‘ರಿಯಲ್ ನ್ಯಾಪಿ ಅಭಿಯಾನ’ ಎನ್ನುತ್ತಾರೆ. ಬಿಸಾಡುವ ಡೈಪರ್‌ಗೆ ಎದುರಾಗಿ, ಒಗೆದು ಮತ್ತೆ ಕಟ್ಟುವ ಬಟ್ಟೆಯದಕ್ಕೆ ‘ರಿಯಲ್ ನ್ಯಾಪಿ’ ಎಂಬ ಹೆಸರು.

ವೋಚರ್ ಎಂದೊಡನೆ ಇದು ಬಡ ಕುಟುಂಬಗಳಿಗೆ ಕೊಡುವ ನೆರವು ಎಂದು ಹಲವರು ತಿಳಿಯುತ್ತಾರೆ. ಆದರೆ ಹಣ ಸಾಮಾನ್ಯವಾಗಿ ಬರುವುದು ಕಸದ ಬಜೆಟ್ಟಿನಿಂದ, ಸಮಾಜ ಕಲ್ಯಾಣದ ಬಾಬತ್ತಿನಿಂದಲ್ಲ. ಕಸ ಹುಟ್ಟುವ ಮೊದಲೇ ತಡೆಯಲು ಹಣ ಖರ್ಚು ಮಾಡುವ ಅಧಿಕಾರವನ್ನು 1998ರ ವೇಸ್ಟ್ ಮಿನಿಮೈಸೇಶನ್ ಕಾಯ್ದೆ ಕೌನ್ಸಿಲ್‌ಗಳಿಗೆ ಕೊಟ್ಟಿದೆ. ಅದು ಅಧಿಕಾರ ಮಾತ್ರ, ಕರ್ತವ್ಯವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಕಸದ ನಿಯಮಗಳು ಕಸ ತಡೆಯುವುದನ್ನು ಮೊದಲ ಮೆಟ್ಟಿಲಾಗಿಯೂ ಮರುಬಳಕೆ, ಮರುಸಂಸ್ಕರಣೆ, ಸುಡುವುದು, ಹೂಳುವುದನ್ನು ಅದರ ನಂತರದ ಮೆಟ್ಟಿಲುಗಳಾಗಿಯೂ ಇಡುತ್ತವೆ. ಕೌನ್ಸಿಲ್ಲಿಗೆ ಬರೆಯುವ ಪತ್ರದಲ್ಲಿ ಈ ಎರಡನ್ನೂ ಹೆಸರಿಸಿದರೆ ಸಾಕು, ಕಾನೂನಿನ ಮಾತನ್ನು ಅದಕ್ಕಿಂತ ಉದ್ದ ಮಾಡುವ ಅಗತ್ಯವಿಲ್ಲ.

ನೆರವಿನ ರೂಪಗಳು ಬೇರೆ ಬೇರೆ. ಒಂದರಲ್ಲಿ ತಾಯಿ ಅಥವಾ ತಂದೆ ಪೋಸ್ಟ್‌ಕೋಡ್, ಹೆರಿಗೆಯ ದಿನಾಂಕ ಅಥವಾ ಮಗುವಿನ ಜನ್ಮದಿನ ಕೊಟ್ಟು ಒಂದು ಸಂಖ್ಯೆ ಪಡೆಯುತ್ತಾರೆ. ಅದನ್ನು ಪಟ್ಟಿಯಲ್ಲಿರುವ ಅಂಗಡಿಗೆ ಕೊಟ್ಟರೆ ಬಿಲ್ಲಿನಲ್ಲಿ ಅಷ್ಟು ಹಣ ಕಡಿತ, ಅಂಗಡಿಯವರು ಆಮೇಲೆ ಕೌನ್ಸಿಲ್ಲಿನಿಂದ ವಸೂಲಿ ಮಾಡಿಕೊಳ್ಳುತ್ತಾರೆ. ಲಂಡನ್ನಿನ ಹಲವು ಬರೋಗಳಲ್ಲಿ (ನಗರದ ಆಡಳಿತ ವಿಭಾಗಗಳಲ್ಲಿ) ಕೆಲಸ ಮಾಡುವ ‘ರಿಯಲ್ ನ್ಯಾಪೀಸ್ ಫಾರ್ ಲಂಡನ್’ ಯೋಜನೆ ಈ ಬಗೆಯದು. ಇನ್ನೊಂದು ಕ್ಯಾಶ್‌ಬ್ಯಾಕ್: ಮೊದಲು ಪೂರ್ತಿ ಹಣ ಕೊಟ್ಟು ಕೊಂಡು, ರಸೀದಿ ಕಳಿಸಿ, ಒಂದು ಪಾಲು ವಾಪಸು ಪಡೆಯುವುದು. ಕೌನ್ಸಿಲ್ಲಿಗೆ ಕ್ಯಾಶ್‌ಬ್ಯಾಕ್ ಸುಲಭ, ಏಕೆಂದರೆ ಅಂಗಡಿಗಳ ಜೊತೆ ಒಪ್ಪಂದ ಬೇಡ. ಆದರೆ ಮುಂಗಡವಾಗಿ ಕೊಡಲು ಕೈಯಲ್ಲಿ ಹಣವಿಲ್ಲದವರು ಅಲ್ಲೇ ಹೊರಗುಳಿಯುತ್ತಾರೆ. ಸೆಕೆಂಡ್ ಹ್ಯಾಂಡ್ ನ್ಯಾಪಿಗೆ ರಸೀದಿ ಸಿಗುವುದೂ ಕಷ್ಟ. ಎರಡರಲ್ಲಿ ಒಂದನ್ನು ಕೇಳುವುದಾದರೆ ವೋಚರನ್ನೇ ಕೇಳಿ.

ಮೂರನೆಯದು ನ್ಯಾಪಿ ಲೈಬ್ರರಿಗೆ ಅನುದಾನ. ಸ್ವಯಂಸೇವಕರು ಒಂದು ಚೀಲದಲ್ಲಿ ನಾಲ್ಕೈದು ಬಗೆಯ ನ್ಯಾಪಿ ಹಾಕಿ ಕೆಲವು ವಾರ ಎರವಲು ಕೊಡುತ್ತಾರೆ. ಹೊರಕವಚ ಮತ್ತು ಹೀರುವ ಬಟ್ಟೆ ಬೇರೆ ಬೇರೆ ಇರುವುದು, ಜೇಬಿನಂಥ ಸೀಳಿನೊಳಗೆ ಪದರ ತುರುಕುವುದು, ಎಲ್ಲ ಒಂದೇ ತುಂಡಾಗಿ ಹೊಲಿದದ್ದು, ಬರೀ ಮಡಚಿ ಕಟ್ಟುವ ಚೌಕ ಬಟ್ಟೆ. ಮಗುವಿನ ತೊಡೆಗೆ ಯಾವುದು ಸರಿಹೊಂದುತ್ತದೆ ಎಂದು ಕಟ್ಟಿ ನೋಡದೆ ಗೊತ್ತಾಗುವುದಿಲ್ಲ. ಇಪ್ಪತ್ತು ನ್ಯಾಪಿ ಒಟ್ಟಿಗೇ ಕೊಂಡು, ತೊಡೆಯ ಸಂದಿನಲ್ಲಿ ಸೋರುತ್ತದೆಂದು ಎರಡೇ ವಾರಕ್ಕೆ ಅಟ್ಟಕ್ಕೆ ಹಾಕುವುದನ್ನು ತಪ್ಪಿಸುವುದು ಈ ಎರವಲು ಚೀಲವೇ. ಸ್ಕಾಟ್ಲೆಂಡ್‌ನ ಕಥೆ ಸ್ವಲ್ಪ ಬೇರೆ: 2017ರ ಆಗಸ್ಟ್‌ನಿಂದ ಅಲ್ಲಿನ ಸರ್ಕಾರ ಹುಟ್ಟುವ ಪ್ರತಿ ಮಗುವಿಗೂ ಕೊಡುವ ಬೇಬಿ ಬಾಕ್ಸ್‌ನಲ್ಲೇ ಬಟ್ಟೆ ನ್ಯಾಪಿಯ ವೋಚರ್ ಇರುತ್ತದೆ. ಅದು ಕೌನ್ಸಿಲ್‌ ಕೊಡುವುದಲ್ಲ.

ಉಳಿದ ಹಣ ಯಾರ ಖಾತೆಗೆ?

ಅಭಿಯಾನಗಳು ಹೆಚ್ಚಾಗಿ ಎಡವುವುದು ಇಲ್ಲಿ. ಇಂಗ್ಲೆಂಡಿನ ಹಲವೆಡೆ ಎರಡು ಹಂತದ ಸ್ಥಳೀಯ ಆಡಳಿತವಿದೆ. ಮನೆ ಬಾಗಿಲಿನ ಕಸ ಎತ್ತುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ಎತ್ತಿದ್ದನ್ನು ಹೂಳಲು ಅಥವಾ ಸುಡಲು ಹಣ ಕೊಡುವುದು ಕೌಂಟಿ ಕೌನ್ಸಿಲ್. ವೋಚರಿನ ಖರ್ಚನ್ನು ಡಿಸ್ಟ್ರಿಕ್ಟ್ ಹೊತ್ತರೆ, ಟನ್ನು ಕಡಿಮೆಯಾದದ್ದರ ಲಾಭ ಕೌಂಟಿಯ ಪಾಲು. ಡಿಸ್ಟ್ರಿಕ್ಟ್ ಅಧಿಕಾರಿಗೆ ಎಷ್ಟೇ ಮನಸ್ಸಿದ್ದರೂ ಅವರ ಲೆಕ್ಕದಲ್ಲಿ ಅದು ಬರೀ ಖರ್ಚು. ಅಂಥಲ್ಲಿ ಅರ್ಜಿ ಹೋಗಬೇಕಾದದ್ದು ಕೌಂಟಿಗೆ, ಪ್ರತಿ ಹೋಗಬೇಕಾದದ್ದು ಡಿಸ್ಟ್ರಿಕ್ಟಿಗೆ. ಯೂನಿಟರಿ, ಅಂದರೆ ಒಂದೇ ಹಂತದ, ಕೌನ್ಸಿಲ್ ಇರುವಲ್ಲಿ ಎರಡೂ ಒಂದೇ ಕಡೆ, ಕೆಲಸ ಸಲೀಸು. ಲಂಡನ್ನಿನಲ್ಲಿ ಬರೋಗಳು ಕಸ ಎತ್ತುತ್ತವೆ, ಆದರೆ ಉತ್ತರ ಭಾಗದ ಏಳು ಬರೋಗಳ ವಿಲೇವಾರಿ ನಾರ್ತ್ ಲಂಡನ್ ವೇಸ್ಟ್ ಅಥಾರಿಟಿಯದು. ಮೊದಲ ಪತ್ರ ಬರೆಯುವ ಮುಂಚೆ ಇದನ್ನು ತಿಳಿದುಕೊಳ್ಳದಿದ್ದರೆ ಆರು ತಿಂಗಳು ತಪ್ಪು ಬಾಗಿಲು ತಟ್ಟುತ್ತಾ ಕೂರಬೇಕಾಗುತ್ತದೆ.

ಈಗ ಒಂದು ಮಾದರಿ ಲೆಕ್ಕ. ಮಗುವಿಗೆ ಆರು ತಿಂಗಳಾದಾಗ ಬಟ್ಟೆ ಶುರು, ಎರಡೂವರೆ ವರ್ಷದವರೆಗೆ ಬಳಕೆ, ದಿನಕ್ಕೆ ಮೂರು ಬಟ್ಟೆಯದು, ರಾತ್ರಿಗೆ ಬಿಸಾಡುವುದು ಎಂದಿಟ್ಟುಕೊಳ್ಳೋಣ. ಎರಡು ವರ್ಷಕ್ಕೆ 2,190 ಡೈಪರ್ ಉಳಿತಾಯ. ಒದ್ದೆಯಾದ ಒಂದು ಡೈಪರ್ 180 ಗ್ರಾಂ ಎಂದರೆ ಸುಮಾರು 394 ಕಿಲೋ. 2025–26ರಲ್ಲಿ ಹೂಳುವ ಕಸದ ಮೇಲಿನ ತೆರಿಗೆಯ ಸಾಮಾನ್ಯ ದರ ಟನ್ನಿಗೆ 126.15 ಪೌಂಡ್, ಹೂಳುವ ಜಾಗದವರ ಶುಲ್ಕ 30 ಪೌಂಡ್ ಎಂದು ಸೇರಿಸಿದರೆ ಒಂದು ಮಗುವಿನಿಂದ ಉಳಿಯುವುದು ಸುಮಾರು 61 ಪೌಂಡ್. ಇಷ್ಟಕ್ಕೇ ನಿಲ್ಲಿಸಿ ‘60 ಪೌಂಡ್ ವೋಚರ್ ಕೊಡಿ’ ಎಂದರೆ ಹಣಕಾಸು ಅಧಿಕಾರಿ ಎರಡು ಪ್ರಶ್ನೆ ಕೇಳುತ್ತಾರೆ. ವೋಚರ್ ಇಲ್ಲದಿದ್ದರೂ ಕೊಳ್ಳುತ್ತಿದ್ದವರು ಎಷ್ಟು? ತೆಗೆದುಕೊಂಡು ನಡುವೆಯೇ ಬಿಟ್ಟವರು ಎಷ್ಟು? ನಾಲ್ಕರಲ್ಲಿ ಒಬ್ಬರು ಹೇಗೂ ಕೊಳ್ಳುತ್ತಿದ್ದರು, ಉಳಿದವರಲ್ಲಿ ಐವರಲ್ಲಿ ಒಬ್ಬರು ಬಿಟ್ಟರು ಎಂದು ಹಿಡಿದರೆ 61 ಪೌಂಡ್ 37ಕ್ಕೆ ಇಳಿಯುತ್ತದೆ. ಆಗ 35 ಪೌಂಡಿನ ವೋಚರ್ ತನ್ನ ಖರ್ಚನ್ನು ತಾನೇ ಹೊರುತ್ತದೆ, 60 ಪೌಂಡಿನದು ಹೊರುವುದಿಲ್ಲ. ಈ ಕಡಿತವನ್ನು ನೀವೇ ಮೊದಲು ಮಾಡಿ ತೋರಿಸಿ. ತೂಕ, ಶುಲ್ಕ, ಬಿಟ್ಟವರ ಪಾಲು ಎಲ್ಲವೂ ಇಲ್ಲಿ ಊಹೆಗಳೇ, ಆಯಾ ಊರಿನ ಅಂಕಿ ಸಿಕ್ಕಾಗ ಬದಲಿಸಬೇಕು. ಎರಡನೆಯ ಮಗುವಿಗೂ ಅದೇ ನ್ಯಾಪಿ ಬಳಸಿದರೆ ಹೆಚ್ಚುವರಿ ವೋಚರ್ ಇಲ್ಲದೆ ಅಷ್ಟೇ ಉಳಿತಾಯ, ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸುವುದು ಒಳ್ಳೆಯದು.

ಕಸ ಸುಡುವ ಊರಿಗೆ ಈ ಲೆಕ್ಕ ನಡೆಯುವುದಿಲ್ಲ. ಸುಡುವುದಕ್ಕೆ ಹೂಳುವ ತೆರಿಗೆ ಇಲ್ಲ, ಘಟಕದ ಶುಲ್ಕ ಮಾತ್ರ. ಅದಕ್ಕಿಂತ ದೊಡ್ಡ ಅಡ್ಡಿ ಒಪ್ಪಂದದೊಳಗೆ ಅಡಗಿರುತ್ತದೆ: ವರ್ಷಕ್ಕೆ ಇಂತಿಷ್ಟು ಟನ್ ಕಳಿಸಿಯೇ ತೀರುತ್ತೇವೆ, ಕಡಿಮೆ ಬಿದ್ದರೂ ಅಷ್ಟರ ಹಣ ಕೊಡುತ್ತೇವೆ ಎಂದು ಕೌನ್ಸಿಲ್ ಎಷ್ಟೋ ವರ್ಷಗಳಿಗೆ ಸಹಿ ಹಾಕಿರಬಹುದು. ಊರಿನ ಕಸ ಆ ಮಿತಿಯ ಹತ್ತಿರವೇ ಇದ್ದರೆ ಡೈಪರ್ ಕಡಿಮೆಯಾದರೂ ಒಂದು ಪೆನ್ನಿ ಉಳಿಯುವುದಿಲ್ಲ. ಅಂಥಲ್ಲಿ ಹಣದ ವಾದ ಬಿಟ್ಟು ಇಂಗಾಲದ ವಾದ ಹಿಡಿಯಬೇಕು. ಡೈಪರಿನಲ್ಲಿರುವ ಪ್ಲಾಸ್ಟಿಕ್ ಪಳೆಯುಳಿಕೆ ಇಂಧನದಿಂದಲೇ ಬಂದದ್ದು, ಸುಟ್ಟರೆ ಅದರ ಇಂಗಾಲವೆಲ್ಲ ಗಾಳಿಗೆ.

ಅಲ್ಲಿ ಬರುವ ಹಳೆಯ ಆಕ್ಷೇಪಣೆಗೂ ಉತ್ತರ ಸಿದ್ಧವಿರಲಿ. ಬಟ್ಟೆಗೂ ಡೈಪರಿಗೂ ಪರಿಸರದ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಸರ್ಕಾರದ ಪರಿಸರ ಸಂಸ್ಥೆಯಾದ ಎನ್ವಿರಾನ್‌ಮೆಂಟ್ ಏಜೆನ್ಸಿಯ 2005ರ ಅಧ್ಯಯನ ಹೇಳಿತ್ತು. ಬೇಡ ಎನ್ನಲು ಬಯಸುವವರು ಇಂದಿಗೂ ಅದನ್ನೇ ತೆಗೆಯುತ್ತಾರೆ. 2008ರಲ್ಲಿ ಅದೇ ಲೆಕ್ಕ ನವೀಕರಣಗೊಂಡಾಗ ಎರಡೂವರೆ ವರ್ಷಕ್ಕೆ ಡೈಪರ್ 550 ಕಿಲೋ, ಬಟ್ಟೆ 570 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ ಎಂದು ಬಂತು. ಜೊತೆಗೆ ಇನ್ನೊಂದು ಮಾತೂ ಇತ್ತು: ತುಂಬಿದ ಮೆಷಿನ್ನಿನಲ್ಲಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಅಂಕಿ ಸುಮಾರು 200 ಕಿಲೋ ಇಳಿಯುತ್ತದೆ. 2023ರಲ್ಲಿ ಪರಿಸರ ಇಲಾಖೆ ಡೆಫ್ರಾ ಪ್ರಕಟಿಸಿದ ಹೊಸ ಅಧ್ಯಯನದಲ್ಲಿ ಡೈಪರ್ ಸುಮಾರು 457 ಕಿಲೋ, ಬಟ್ಟೆ ಸುಮಾರು 345 ಕಿಲೋ, ಅಂದರೆ ಕಾಲು ಭಾಗ ಕಡಿಮೆ. ಡೈಪರಿನ ಹೊರೆ ಬಹುಪಾಲು ತಯಾರಿಕೆಯಲ್ಲಿ, ಬಟ್ಟೆಯದ್ದು ಒಗೆಯುವ ವಿದ್ಯುತ್ತಿನಲ್ಲಿ. ಹಾಗಾಗಿ ಒಗೆಯುವ ಕ್ರಮ ಹೇಳಿಕೊಡದೆ ಬರೀ ವೋಚರ್ ಹಂಚುವ ಯೋಜನೆ ಅರ್ಧ ಯೋಜನೆ.

ಕೇಳುವ ಕ್ರಮ

ಮೊದಲು ಮಾಹಿತಿ. ಕಸದ ಅಂಕಿ ಅಂಶ ಪರಿಸರ ಮಾಹಿತಿಯಾದ್ದರಿಂದ 2004ರ ಎನ್ವಿರಾನ್‌ಮೆಂಟಲ್ ಇನ್ಫರ್ಮೇಶನ್ ನಿಯಮಗಳ ಅಡಿ ಕೇಳಬಹುದು, 20 ಕೆಲಸದ ದಿನದೊಳಗೆ ಉತ್ತರ ಬರಬೇಕು. ಕೇಳಬೇಕಾದವು: ಮರುಸಂಸ್ಕರಣೆಗೆ ಹೋಗದ ಕಸ ವರ್ಷಕ್ಕೆ ಎಷ್ಟು ಟನ್, ಟನ್ನಿಗೆ ಎಷ್ಟು ಖರ್ಚು, ಒಪ್ಪಂದದಲ್ಲಿ ಕನಿಷ್ಠ ಟನ್ನಿನ ಷರತ್ತು ಇದೆಯೇ, ಮುಗಿಯುವುದು ಯಾವಾಗ, ಕೊನೆಯ ಸಲ ಕಸದ ಬುಟ್ಟಿ ವಿಂಗಡಿಸಿ ತೂಗಿದಾಗ ಡೈಪರಿನ ಪಾಲು ಎಷ್ಟಿತ್ತು. ಹಿಂದೆ ಯಾವುದಾದರೂ ನ್ಯಾಪಿ ಯೋಜನೆ ಇದ್ದು ನಿಂತಿದ್ದರೆ, ಯಾಕೆ ನಿಂತಿತು ಎಂಬುದನ್ನೂ ಸೇರಿಸಿ.

ನಂತರ ಸಮಯ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಬಜೆಟ್ ಪಾಸಾಗುವುದು ಹೆಚ್ಚಾಗಿ ಫೆಬ್ರುವರಿಯಲ್ಲಿ, ಅಧಿಕಾರಿಗಳು ಪಟ್ಟಿ ಕಟ್ಟುವುದು ಅದಕ್ಕಿಂತ ಎಷ್ಟೋ ಮೊದಲು. ಸೆಪ್ಟೆಂಬರ್, ಅಕ್ಟೋಬರಿನೊಳಗೆ ಪ್ರಸ್ತಾವ ಕಸದ ಅಧಿಕಾರಿಯ ಮೇಜಿನ ಮೇಲಿರಬೇಕು. ಜನವರಿಯಲ್ಲಿ ಸಾವಿರ ಸಹಿಯ ಮನವಿ ತಂದರೂ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರವೇ ಬಂದೀತು. ಎರಡು ವಾರಕ್ಕೊಮ್ಮೆ ಎತ್ತುತ್ತಿದ್ದ ಕಸವನ್ನು ಮೂರು ವಾರಕ್ಕೊಮ್ಮೆ ಮಾಡಲು ಕೌನ್ಸಿಲ್ ಹೊರಟಾಗ ಮಾತ್ರ ಕ್ಯಾಲೆಂಡರ್ ಮರೆತುಬಿಡಿ. ಡೈಪರ್ ತುಂಬಿದ ಬುಟ್ಟಿ ಮೂರು ವಾರ ಬಾಗಿಲಲ್ಲಿ ನಿಲ್ಲುವ ಮಾತು ಬಂದೊಡನೆ ಚಿಕ್ಕ ಮಕ್ಕಳಿರುವ ಮನೆಗಳಿಂದ ದೂರುಗಳ ಮಳೆ. ಆಗ ಕೌನ್ಸಿಲ್ಲಿಗೇ ಒಂದು ಪರಿಹಾರ ಬೇಕಾಗಿರುತ್ತದೆ.

‘ನಾವು ಡೈಪರನ್ನು ಬೇರೆ ಚೀಲದಲ್ಲಿ ಎತ್ತುತ್ತೇವಲ್ಲ’ ಎಂದು, ವೇಲ್ಸ್‌ನ ಹಲವು ಕೌನ್ಸಿಲ್‌ಗಳಂತೆ, ಹೇಳಿದರೆ ಅದು ಒಳ್ಳೆಯದೇ. ಆದರೆ ಆ ಗಾಡಿ, ಆ ಚೀಲ, ಆ ಸಂಸ್ಕರಣೆಗೂ ಖರ್ಚಿದೆ. ಟನ್ನಿಗೆ ಎಷ್ಟೆಂದು ಕೇಳಿ ಅದನ್ನೇ ಲೆಕ್ಕಕ್ಕೆ ಹಾಕಿ.

ಪ್ರಸ್ತಾವ ಎರಡು ಪುಟ ಮೀರದಿರಲಿ. ವೋಚರಿನ ಮೊತ್ತ, ಮೊದಲ ವರ್ಷಕ್ಕೆ ಗರಿಷ್ಠ ಎಷ್ಟು ವೋಚರ್, ಮಗುವಿನ ವಯಸ್ಸಿನ ಮಿತಿ, ಯಾರು ಹಂಚುವುದು, ಯಾರು ಪರಿಶೀಲಿಸುವುದು ಇಷ್ಟು ಇದ್ದರೆ ಸಾಕು. ಮಿತಿಯಿಲ್ಲದ ಖರ್ಚಿಗೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ. ‘ಮೊದಲ 200 ಕುಟುಂಬಗಳಿಗೆ 35 ಪೌಂಡ್’ ಎಂದರೆ 7,000 ಪೌಂಡ್, ಅದು ಚರ್ಚಿಸಬಹುದಾದ ಮೊತ್ತ. ಸುದ್ದಿ ಮುಟ್ಟಿಸಲು ಕೌನ್ಸಿಲ್ ವೆಬ್‌ಸೈಟನ್ನು ನಂಬಿ ಕೂರಬೇಡಿ. ಬಸುರಿಯರನ್ನು ನೋಡುವ ಮಿಡ್‌ವೈಫ್, ಬಾಣಂತಿಯ ಮನೆಗೆ ಬರುವ ಹೆಲ್ತ್ ವಿಸಿಟರ್ ಇವರ ಕೈಯಲ್ಲಿ ಒಂದು ಚೀಟಿ ಇರಬೇಕು.

ಮನೆಯಲ್ಲಿ ಕೈಕೊಡುವುದು

ಪೂರ್ತಿ ಬಟ್ಟೆಗೆ ಇಳಿಯಲು 20ರಿಂದ 25 ನ್ಯಾಪಿ ಬೇಕು. 35 ಪೌಂಡಿಗೆ ಸಿಗುವುದು ಹೊಸದಾದರೆ ಎರಡು ಮೂರು. ಹಾಗಾಗಿ ವೋಚರಿನ ಜೊತೆಗಿನ ಚೀಟಿ ‘ದಿನಕ್ಕೆ ಒಂದರಿಂದ ಶುರು ಮಾಡಿ’ ಎಂದೇ ಹೇಳಬೇಕು, ಬಾಕಿಯದನ್ನು ಲೈಬ್ರರಿ ಅಥವಾ ಸೆಕೆಂಡ್ ಹ್ಯಾಂಡ್ ಕಡೆಗೆ ತೋರಿಸಬೇಕು. ಹಳೆಯದನ್ನು ಕೊಳ್ಳುವಾಗ ತೊಡೆಯ ಎಲಾಸ್ಟಿಕ್ ಎಳೆದು ಬಿಡಿ, ಥಟ್ಟನೆ ಹಿಂದಕ್ಕೆ ಬರಬೇಕು. ಹೊರಕವಚದ ಒಳಮೈಯ ನೀರುತಡೆ ಪದರ ಸಿಪ್ಪೆಯಂತೆ ಎದ್ದಿದ್ದರೆ ಅದು ಸೋರುವುದು ಖಂಡಿತ.

ಜನ ಬಿಟ್ಟುಬಿಡಲು ಸಾಮಾನ್ಯ ಕಾರಣ ಸೋರಿಕೆ ಮತ್ತು ವಾಸನೆ, ಎರಡರ ಮೂಲವೂ ಹೆಚ್ಚಾಗಿ ಒಗೆತದಲ್ಲೇ. ಬಳಸಿದ್ದನ್ನು ನೀರಿನಲ್ಲಿ ನೆನೆಹಾಕದೆ ಒಣ ಬಕೆಟ್ಟಿನಲ್ಲಿ ಇಟ್ಟು, ಎರಡು ಮೂರು ದಿನಕ್ಕೊಮ್ಮೆ ಒಗೆಯಬೇಕು. ಮೊದಲು ತಣ್ಣೀರಿನ ಒಂದು ಸುತ್ತು, ಆಮೇಲೆ 60 ಡಿಗ್ರಿಯಲ್ಲಿ ಉದ್ದದ ಒಗೆತ. ‘ಮಗುವಿನ ಬಟ್ಟೆ’ ಎಂದು ಸೋಪಿನ ಪುಡಿ ಕಡಿಮೆ ಹಾಕಿದರೆ ಮೂತ್ರದ ಅಂಶ ಎಳೆಗಳಲ್ಲೇ ಉಳಿದು, ಕೆಲವು ವಾರದಲ್ಲಿ ಕಣ್ಣಿಗೆ ಹೊಡೆಯುವ ಅಮೋನಿಯಾ ವಾಸನೆ ಬರುತ್ತದೆ. ಪ್ಯಾಕೆಟ್ ಮೇಲೆ ಹೆಚ್ಚು ಕೊಳೆಗೆಂದು ಹೇಳಿದ ಪ್ರಮಾಣವನ್ನೇ ಹಾಕಿ. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ಬೇಡ, ಅದು ಎಳೆಯ ಮೇಲೆ ಜಿಡ್ಡಿನ ಪೊರೆ ಬಿಟ್ಟು ಹೀರುವ ಶಕ್ತಿ ಕಳೆಯುತ್ತದೆ. ಮಲ ಹಿಡಿಯುವ ಕಾಗದದ ಲೈನರನ್ನು ಟಾಯ್ಲೆಟ್ಟಿಗೆ ಹಾಕದೆ ಕಸದ ಬುಟ್ಟಿಗೇ ಹಾಕಬೇಕು.

ಯೋಜನೆ ಉಳಿಯುವುದೋ ಬಿಡುವುದೋ ಎರಡನೆಯ ಬಜೆಟ್ಟಿನಲ್ಲಿ ತೀರ್ಮಾನವಾಗುತ್ತದೆ. ಅಷ್ಟರೊಳಗೆ ವೋಚರ್ ಪಡೆದ ಎಲ್ಲರಿಗೂ ಆರನೆಯ ತಿಂಗಳಲ್ಲಿ ಮೂರೇ ಪ್ರಶ್ನೆ ಹೋಗಿರಬೇಕು: ಈಗಲೂ ಬಳಸುತ್ತಿದ್ದೀರಾ, ದಿನಕ್ಕೆ ಎಷ್ಟು, ವೋಚರ್ ಇಲ್ಲದಿದ್ದರೆ ಕೊಳ್ಳುತ್ತಿದ್ದಿರಾ? ಉತ್ತರಿಸಲು ಒಪ್ಪಿಗೆಯನ್ನೂ ಇಮೇಲನ್ನೂ ವೋಚರ್ ಕೊಡುವಾಗಲೇ ಪಡೆದಿಟ್ಟುಕೊಳ್ಳಬೇಕು, ಆಮೇಲೆ ಹುಡುಕಿಕೊಂಡು ಹೋದರೆ ಯಾರೂ ಸಿಗುವುದಿಲ್ಲ.