ಪಂದಿಕರಿ ಪಾತ್ರೆಯ ತಳ ನಾಯಿಗೆ ಬೇಡ

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಪಂದಿಕರಿ, ಅಂದರೆ ಹಂದಿಮಾಂಸದ ಸಾರು ತಿಂದ ನಾಯಿ ಅವತ್ತು ಬಾಲ ಅಲ್ಲಾಡಿಸಿಕೊಂಡೇ ಓಡಾಡುತ್ತಿರುತ್ತದೆ. ಮೂರು ನಾಲ್ಕು ದಿನ ಬಿಟ್ಟು ಸುಸ್ತಾಗಿ ಮೂಲೆ ಸೇರಿದರೆ ಮನೆಯವರು ಉಣ್ಣಿ ಜ್ವರ ಅಂದುಕೊಳ್ಳುತ್ತಾರೆ. ಹಬ್ಬದ ಊಟ ಯಾರ ನೆನಪಿಗೂ ಬರುವುದಿಲ್ಲ.

ತಪ್ಪು ಹಂದಿಯದ್ದಲ್ಲ, ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಯದ್ದು. ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಕೆಡಿಸುತ್ತವೆ. ಕೆಟ್ಟ ಹಿಮೋಗ್ಲೋಬಿನ್ ಸಣ್ಣ ಗಂಟುಗಳಾಗಿ ಕಣದ ಅಂಚಿಗೆ ಅಂಟಿಕೊಳ್ಳುತ್ತದೆ. ಅಂಥ ಕಣಗಳು ದಿನ ಕಳೆದಂತೆ ಒಡೆಯುತ್ತಾ ಹೋಗುತ್ತವೆ. ಕಾಯಿಲೆ ತಡವಾಗಿ ಕಾಣುವುದು ಅದಕ್ಕೇ. ವಸಡು ಬಿಳಿಚಿಕೊಳ್ಳುತ್ತದೆ, ಏದುಸಿರು ಬರುತ್ತದೆ, ಮೂತ್ರ ಕಡುಕಂದಾಗುತ್ತದೆ. ಉಣ್ಣಿ ಜ್ವರದಲ್ಲೂ ಹೀಗಾಗಬಹುದು. ಹಾಗಾಗಿ ವಾರದ ಹಿಂದೆ ತಿಂದದ್ದನ್ನೂ ಪಶುವೈದ್ಯರಿಗೆ ಹೇಳಬೇಕು.

ಎಷ್ಟು ಹೊತ್ತು ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಹಾಗಂತ ಒಂದು ತುಂಡಿಗೆ ನಾಯಿ ಸಾಯುತ್ತದೆ ಅಂತಲ್ಲ. ದೇಹದ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಏರುಪೇರು ಕಾಣುತ್ತದೆ. ಹತ್ತು ಕಿಲೋ ನಾಯಿಗೆ 150 ಗ್ರಾಂ, ಅಂದರೆ ಒಂದೆರಡು ಈರುಳ್ಳಿ. ಗಟ್ಟಿ ಮಸಾಲೆಯಲ್ಲಿ ಅದು ಎಷ್ಟು ಬೇಗ ಸೇರುತ್ತೆ ನೋಡಿ! ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ನೆಂಟರೆಲ್ಲ ಒಂದೊಂದು ತುಂಡು ಎಸೆಯುತ್ತಾರೆ, ಕೊನೆಗೆ ಪಾತ್ರೆಯ ತಳವೂ ಅದಕ್ಕೇ. ‘ನಮ್ಮದು ತೋಟದ ನಾಯಿ, ಏನು ತಿಂದ್ರೂ ಅರಗಿಸುತ್ತೆ’ ಅನ್ನುವ ಮಾತು ನನಗಂತೂ ಒಪ್ಪಿಗೆಯಿಲ್ಲ. ರಕ್ತಕಣಕ್ಕೆ ತೋಟ ಗೊತ್ತಾಗುವುದಿಲ್ಲ, ಅಲ್ವಾ? ಬೆಕ್ಕಿನ ಗತಿ ಇನ್ನೂ ಕಷ್ಟ. ಕಿಲೋಗೆ 5 ಗ್ರಾಂ ಸಾಕು.

ಮಡಿಕೇರಿಯಿಂದ ನೆಂಟರು ತರುವ ಹೋಂಮೇಡ್ ಚಾಕೊಲೇಟ್ ಮಾತ್ರ ಇಷ್ಟು ಕಾಯಿಸುವುದಿಲ್ಲ, ಕೆಲವೇ ಗಂಟೆಗಳಲ್ಲಿ ವಾಂತಿ, ನಡುಕ, ಎದೆಬಡಿತ ಶುರುವಾಗುತ್ತದೆ. ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಯ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 17 ಗಂಟೆ ಬೇಕು. ಹತ್ತು ಕಿಲೋ ನಾಯಿಗೆ ಕಪ್ಪು ಚಾಕೊಲೇಟ್ 40 ಗ್ರಾಂ ಆದರೂ ತೊಂದರೆಯೇ. ಕೆಫೀನ್ ಇದರ ಅಣ್ಣತಮ್ಮ. ಕಾಫಿ ಪುಡಿಯ ಡಬ್ಬ, ಸೋಸಿದ ಗಸಿ ಎರಡನ್ನೂ ಎತ್ತಿಡಿ. ಮನೆ ವೈನಿಗೆ ತಂದ ದ್ರಾಕ್ಷಿ ಕೂಡ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಚಾಕೊಲೇಟ್, ದ್ರಾಕ್ಷಿ ತಿಂದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ವಿಷವಾಗಬಹುದು. ಲಕ್ಷಣ ಬರಲಿ ಅಂತ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಹಬ್ಬದ ದಿನ ನಾಯಿಗೂ ಏನಾದರೂ ಕೊಡಬೇಕು ಅನಿಸುತ್ತದಲ್ಲ, ಮಸಾಲೆ ಹಾಕುವ ಮೊದಲೇ ನಾಲ್ಕು ತುಂಡು ಎತ್ತಿಡಿ. ಕೊಬ್ಬು, ಮೂಳೆ ತೆಗೆದು ಉಪ್ಪಿಲ್ಲದೆ ಚೆನ್ನಾಗಿ ಬೇಯಿಸಿ, ಒಂದು ಕಡಂಬಟ್ಟಿನ (ಅಕ್ಕಿ ತರಿಯ ಉಂಡೆಯ) ಜೊತೆ ಹಾಕಿ.